ತುರ್ತಿಗೆಂದು ಇಟ್ಟ ನಾಲ್ಕು ಲಕ್ಷ: ಶೇ. 7ರ ಉಳಿತಾಯ ಖಾತೆಗೆ ಹಾಕಲೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿ ಶಾಲಾ ಶಿಕ್ಷಕಿ. ನಮ್ಮ ಜೊತೆ 71 ವರ್ಷದ ತಾಯಿ ಇದ್ದಾರೆ. ಆಸ್ಪತ್ರೆ, ಕೆಲಸ ಹೋಗುವುದು ಇಂಥ ಸಂದರ್ಭಕ್ಕೆಂದು ನಾಲ್ಕು ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ಅದು ನನ್ನೊಬ್ಬನ ಹೆಸರಿನಲ್ಲಿ ಸರ್ಕಾರಿ ಬ್ಯಾಂಕಿನ ಎಸ್‌ಬಿ (ಉಳಿತಾಯ) ಖಾತೆಯಲ್ಲಿದೆ, ಬಡ್ಡಿ ಬರೀ ಶೇ. 2.5. ಸ್ಮಾಲ್ ಫೈನಾನ್ಸ್ ಬ್ಯಾಂಕ್‌ನಲ್ಲಿ ಉಳಿತಾಯ ಖಾತೆಗೇ ಶೇ. 7 ಕೊಡುತ್ತಾರೆ ಎಂದು ಗೆಳೆಯ ಹೇಳುತ್ತಾನೆ. ಭಾವನವರು ನಮ್ಮ ಬಡಾವಣೆಯ ಸೌಹಾರ್ದ ಸಹಕಾರಿಯಲ್ಲಿ ಶೇ. 9 ಸಿಗುತ್ತದೆ ಎನ್ನುತ್ತಾರೆ. ಮಗಳು ಲಿಕ್ವಿಡ್ ಫಂಡ್ ಅನ್ನುತ್ತಾಳೆ. ಎಫ್‌ಡಿ ಮಾಡಿದರೆ ಮುರಿಸುವಾಗ ನಷ್ಟವಲ್ಲವೇ? ಬೇಕೆಂದಾಗ ಕೈಗೆ ಸಿಗಬೇಕು, ಬಡ್ಡಿಯೂ ಬರಬೇಕು. ಎಲ್ಲಿ ಇಡಲಿ? ತಾಯಿಯ ಹೆಸರಿನಲ್ಲಿ ಇಟ್ಟರೆ ಹೆಚ್ಚು ಬಡ್ಡಿ ಬರುತ್ತದೆಯೇ?

ಉತ್ತರ: ನಿಮ್ಮ ಬೇಸರಕ್ಕೆ ಕಾರಣವಿದೆ. ಎಸ್‌ಬಿಐ ತನ್ನ ಉಳಿತಾಯ ಖಾತೆಯ ಬಡ್ಡಿಯನ್ನು 2025ರ ಜೂನ್‌ನಲ್ಲಿ ಶೇ. 2.70ರಿಂದ 2.50ಕ್ಕೆ ಇಳಿಸಿತು. ಎಚ್‌ಡಿಎಫ್‌ಸಿ, ಐಸಿಐಸಿಐಯಂಥ ದೊಡ್ಡ ಖಾಸಗಿ ಬ್ಯಾಂಕುಗಳೂ ಅದೇ ತಿಂಗಳು ಅಲ್ಲಿಗೇ ಬಂದವು. ಸಂಬಳ, ಪಿಂಚಣಿ, ಸಬ್ಸಿಡಿ ಎಲ್ಲವೂ ತಾನಾಗಿ ಬಂದು ಬೀಳುವ ಬ್ಯಾಂಕಿಗೆ ನಿಮ್ಮ ಠೇವಣಿಗಾಗಿ ಹೆಚ್ಚು ಕೊಡುವ ದರ್ದು ಇಲ್ಲ. ಶಾಖೆಗಳ ಜಾಲ ಇನ್ನೂ ಬೆಳೆಯುತ್ತಿರುವ, ಹೆಚ್ಚಿನ ಬಡ್ಡಿಗೆ ಸಣ್ಣ ಸಾಲ ಕೊಡುವ ಬ್ಯಾಂಕಿಗೆ ಠೇವಣಿ ಬೇಕೇ ಬೇಕು, ಹಾಗಾಗಿ ಅದು ಹೆಚ್ಚು ಕೊಡುತ್ತದೆ. ಇದರಲ್ಲಿ ಮೋಸವಿಲ್ಲ. ಆದರೆ ಫಲಕದಲ್ಲಿ ಬರೆದ ಶೇ. 7 ನಿಮ್ಮ ನಾಲ್ಕು ಲಕ್ಷಕ್ಕೆ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಉಳಿತಾಯ ಖಾತೆಯ ಬಡ್ಡಿದರವನ್ನು ಆರ್‌ಬಿಐ 2011ರ ಅಕ್ಟೋಬರ್‌ನಲ್ಲಿ ಬ್ಯಾಂಕುಗಳ ವಿವೇಚನೆಗೆ ಬಿಟ್ಟಿತು. ಜೊತೆಗೆ ಒಂದು ಷರತ್ತು ಹಾಕಿತು: ಒಂದು ಲಕ್ಷದವರೆಗಿನ ಮೊತ್ತಕ್ಕೆ ಒಂದು ಬ್ಯಾಂಕ್ ಎಲ್ಲ ಗ್ರಾಹಕರಿಗೂ ಒಂದೇ ದರ ಕೊಡಬೇಕು, ಅದರ ಮೇಲಿನ ಮೊತ್ತಕ್ಕೆ ದರ ಬೇರೆ ಬೇರೆ ಇರಬಹುದು. ಲಕ್ಷಾಂತರ ಸಣ್ಣ ಖಾತೆಗಳಿಗೆ ಹೆಚ್ಚು ಬಡ್ಡಿ ಕೊಡುವುದು ದುಬಾರಿ. ಆದ್ದರಿಂದ ಹೆಚ್ಚು ಬಡ್ಡಿಯ ಖಾತೆಗಳಲ್ಲಿಯೂ ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಿಗೆ ದರ ಕಡಿಮೆ, ಮೇಲಿನ ಮೆಟ್ಟಿಲಿಗೆ ಮಾತ್ರ ಆಕರ್ಷಕ. ಒಂದು ಉದಾಹರಣೆ ನೋಡಿ. ಒಂದು ಲಕ್ಷದವರೆಗೆ ಶೇ. 3, ಒಂದರಿಂದ ಐದು ಲಕ್ಷದವರೆಗೆ ಶೇ. 5, ಐದು ಲಕ್ಷ ದಾಟಿದ ಮೊತ್ತಕ್ಕೆ ಶೇ. 7 ಎಂದಿಟ್ಟುಕೊಳ್ಳಿ. ನಿಮ್ಮ ನಾಲ್ಕು ಲಕ್ಷದಲ್ಲಿ ಮೊದಲ ಲಕ್ಷಕ್ಕೆ 3,000, ಉಳಿದ ಮೂರು ಲಕ್ಷಕ್ಕೆ 15,000, ಒಟ್ಟು ವರ್ಷಕ್ಕೆ 18,000 ರೂಪಾಯಿ. ಸರಾಸರಿ ಶೇ. 4.5. ಶೇ. 7ರ ಮೆಟ್ಟಿಲನ್ನು ನಿಮ್ಮ ಹಣ ಮುಟ್ಟುವುದೇ ಇಲ್ಲ. ಈಗಿನ ಖಾತೆಯಲ್ಲಿ ಬರುವ 10,000ಕ್ಕೆ ಹೋಲಿಸಿದರೆ 8,000 ಹೆಚ್ಚು, ಅಂದರೆ ತಿಂಗಳಿಗೆ ಸುಮಾರು 667 ರೂಪಾಯಿ. ಆ ಬ್ಯಾಂಕಿನಲ್ಲಿ ಕನಿಷ್ಠ ಸರಾಸರಿ ಬ್ಯಾಲೆನ್ಸ್ ನಿಯಮವಿದ್ದು, ಒಂದು ದೊಡ್ಡ ಖರ್ಚಿನ ನಂತರ ನೀವು ಅದರ ಕೆಳಗಿಳಿದರೆ, ದಂಡ ಮತ್ತು ಅದರ ಮೇಲಿನ ಶೇ. 18 ಜಿಎಸ್‌ಟಿ ಇದೇ ಲಾಭದಿಂದ ಹೋಗುತ್ತದೆ. ತುರ್ತು ಹಣ ಇರುವುದೇ ಖಾಲಿಯಾಗಲು. ಖಾಲಿಯಾದಾಗ ದಂಡ ಹಾಕುವ ಖಾತೆ ಈ ಕೆಲಸಕ್ಕೆ ಹೊಂದುವುದಿಲ್ಲ.

ಅದಕ್ಕೇ ಖಾತೆ ತೆರೆಯುವ ಮುನ್ನ ಬ್ಯಾಂಕಿನವರನ್ನು ಕೇಳಬೇಕಾದದ್ದು ‘ಎಷ್ಟು ಪರ್ಸೆಂಟ್’ ಎಂದಲ್ಲ, ‘ನಾಲ್ಕು ಲಕ್ಷ ಇಟ್ಟರೆ ವರ್ಷಕ್ಕೆ ಎಷ್ಟು ರೂಪಾಯಿ’ ಎಂದು.

ಈಗ ನಿಮ್ಮ ಎಫ್‌ಡಿ ಭಯಕ್ಕೆ ಬರೋಣ. ‘ಮುರಿಸಿದರೆ ನಷ್ಟ’ ಎಂಬ ನಂಬಿಕೆಯಿಂದಲೇ ಎಷ್ಟೋ ಮನೆಗಳ ಹಣ ಶೇ. 2.5ರಲ್ಲಿ ಕೊಳೆಯುತ್ತಿದೆ. ಅವಧಿಗೆ ಮುನ್ನ ಎಫ್‌ಡಿ ಮುರಿಸಿದರೆ ಅಸಲು ಕರಗುವುದಿಲ್ಲ. ಹಣ ಎಷ್ಟು ದಿನ ಇತ್ತೋ ಆ ಅವಧಿಗೆ ಅನ್ವಯವಾಗುವ ದರದಲ್ಲಿ ಬಡ್ಡಿ ಲೆಕ್ಕ ಹಾಕಿ, ಅದರಿಂದ ಸಾಮಾನ್ಯವಾಗಿ ಶೇ. 0.5ರಿಂದ 1ರವರೆಗೆ ಕಡಿತ ಮಾಡುತ್ತಾರೆ. ಏಳು ದಿನದೊಳಗೆ ಮುರಿಸಿದರೆ ಮಾತ್ರ ಬಡ್ಡಿಯೇ ಇಲ್ಲ. ಒಂದು ವರ್ಷಕ್ಕೆಂದು ಇಟ್ಟ ಒಂದು ಲಕ್ಷವನ್ನು ನಾಲ್ಕು ತಿಂಗಳಿಗೆ ಮುರಿಸಿದಿರಿ ಎನ್ನಿ. ನಾಲ್ಕು ತಿಂಗಳ ದರ ಶೇ. 5 ಇದ್ದು, ದಂಡ 0.5 ಕಳೆದರೆ 4.5. ಕೈಗೆ ಬರುವ ಬಡ್ಡಿ 1,500 ರೂಪಾಯಿ. ಅದೇ ಒಂದು ಲಕ್ಷ ಎಸ್‌ಬಿಯಲ್ಲಿ ಇದ್ದಿದ್ದರೆ ಅಷ್ಟೇ ಅವಧಿಗೆ 833 ರೂಪಾಯಿ. ದಂಡ ತೆತ್ತ ಮೇಲೂ ಎಫ್‌ಡಿಯೇ ಮುಂದಿದೆ.

ಇದನ್ನೇ ಬ್ಯಾಂಕು ತಾನಾಗಿ ಮಾಡುವ ವ್ಯವಸ್ಥೆ ಆಟೋ ಸ್ವೀಪ್. ಹೆಸರು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ; ಎಸ್‌ಬಿಐನಲ್ಲಿ ಮಲ್ಟಿ ಆಪ್ಷನ್ ಡೆಪಾಸಿಟ್, ಬಾಯಿಮಾತಿನಲ್ಲಿ ‘ಮಾಡ್’. ಖಾತೆಯಲ್ಲಿ ನಿಗದಿತ ಮೊತ್ತ ಉಳಿಸಿ, ಅದಕ್ಕಿಂತ ಹೆಚ್ಚಿನದನ್ನು ಬ್ಯಾಂಕ್ ಎಫ್‌ಡಿಗೆ ಕಳಿಸುತ್ತದೆ. ನೀವು ಚೆಕ್ ಬರೆದಾಗ, ಎಟಿಎಂನಲ್ಲಿ ತೆಗೆದಾಗ ಖಾತೆಯ ಹಣ ಸಾಲದಿದ್ದರೆ, ಬೇಕಾದಷ್ಟನ್ನು ಮಾತ್ರ ಸಾವಿರದ ಗುಣಕದಲ್ಲಿ ಎಫ್‌ಡಿಯಿಂದ ವಾಪಸ್ ತರುತ್ತದೆ. ಉಳಿದ ಭಾಗಕ್ಕೆ ಮೊದಲಿನ ದರವೇ ಮುಂದುವರಿಯುತ್ತದೆ. ನಿಮ್ಮ ಲೆಕ್ಕದಲ್ಲಿ 50,000 ಎಸ್‌ಬಿಯಲ್ಲಿ ಶೇ. 2.5ಕ್ಕೆ, ಮೂರೂವರೆ ಲಕ್ಷ ಸ್ವೀಪ್‌ನಲ್ಲಿ ಶೇ. 6ಕ್ಕೆ ಎಂದುಕೊಂಡರೆ ವರ್ಷಕ್ಕೆ 1,250 ಮತ್ತು 21,000, ಒಟ್ಟು 22,250. ಶೇ. 7 ಎಂದು ಕೂಗುವ ಖಾತೆಯ 18,000ಕ್ಕಿಂತ ಹೆಚ್ಚು, ಅದೂ ನಿಮ್ಮ ಈಗಿನ ಬ್ಯಾಂಕಿನಲ್ಲೇ.

ಸ್ವೀಪ್‌ನಲ್ಲಿಯೂ ಕೆಡುವ ಜಾಗಗಳಿವೆ. ಕೊನೆಗೆ ಇಟ್ಟದ್ದನ್ನು ಮೊದಲು ಮುರಿಸುತ್ತಾರೋ, ಮೊದಲು ಇಟ್ಟದ್ದನ್ನೋ ಎಂದು ಕೇಳಿ. ಕೊನೆಯದು ಮೊದಲು ಮುರಿದರೆ ನಿಮಗೆ ಒಳ್ಳೆಯದು, ಹಳೆಯ ಠೇವಣಿಯ ಬಡ್ಡಿ ಹಾಳಾಗುವುದಿಲ್ಲ. ಎಷ್ಟು ಅವಧಿಗೆ ಎಫ್‌ಡಿ ಆಗುತ್ತದೆ ಎಂಬುದನ್ನೂ ನೋಡಿ. ಕೆಲವೆಡೆ ತೀರ ಕಡಿಮೆ ಅವಧಿ ಹಾಕಿಬಿಡುತ್ತಾರೆ, ಆಗ ದರ ಎಸ್‌ಬಿಗಿಂತ ಸ್ವಲ್ಪವೇ ಹೆಚ್ಚು. ವಾರಕ್ಕೊಮ್ಮೆ ಹಣ ಒಳಗೆ ಹೊರಗೆ ಹೋಗುವ ಸಂಬಳದ ಖಾತೆಗೆ ಸ್ವೀಪ್ ಹಾಕಬೇಡಿ. ಏಳು ದಿನ ತುಂಬದೆ ಮುರಿಯುವ ತುಂಡುಗಳಿಗೆ ಬಡ್ಡಿ ಬರುವುದಿಲ್ಲ, ಹಾಗಾಗಿ ಎಸ್‌ಬಿಯ 2.5 ಕೂಡ ಕಳೆದುಕೊಳ್ಳುತ್ತೀರಿ. ತುರ್ತು ಹಣಕ್ಕೆಂದೇ ಪ್ರತ್ಯೇಕ ಖಾತೆ ಇರಲಿ. ಯುಪಿಐ ಆ್ಯಪ್‌ನಲ್ಲಿ ಬರೀ ಎಸ್‌ಬಿ ಭಾಗದ ಬ್ಯಾಲೆನ್ಸ್ ಕಂಡು ಗಾಬರಿಯಾಗುವವರಿದ್ದಾರೆ. ಸ್ವೀಪ್ ಆದ ಎರಡನೆಯ ವಾರದಲ್ಲಿ ಎಸ್‌ಬಿಯಲ್ಲಿರುವುದಕ್ಕಿಂತ ಎರಡು ಸಾವಿರ ಹೆಚ್ಚು ಮೊತ್ತವನ್ನು ಹೆಂಡತಿಯ ಖಾತೆಗೆ ಯುಪಿಐ ಮಾಡಿ, ನಿಜವಾಗಿ ಹೋಗುತ್ತದೆಯೇ ಎಂದು ಪರೀಕ್ಷಿಸಿ ನೋಡಿ.

ಸ್ವೀಪ್ ಬೇಡ ಎನಿಸಿದರೆ ಮೊಬೈಲ್ ಬ್ಯಾಂಕಿಂಗ್‌ನಲ್ಲೇ ಎಫ್‌ಡಿ ಮಾಡಿ, ಆದರೆ ಎರಡೂವರೆ ಲಕ್ಷದ್ದು ಒಂದೇ ಬೇಡ. 50,000ದ ಐದು ಮಾಡಿ. ಅರುವತ್ತು ಸಾವಿರ ಬೇಕಾದರೆ ಎರಡು ಮುರಿಯುತ್ತವೆ, ಮೂರು ಉಳಿಯುತ್ತವೆ. ಆನ್‌ಲೈನ್‌ನಲ್ಲಿ ಮಾಡಿದ್ದನ್ನು ಸಾಮಾನ್ಯವಾಗಿ ಆನ್‌ಲೈನ್‌ನಲ್ಲೇ ಮುರಿಸಬಹುದು. ಶಾಖೆಯಲ್ಲಿ ರಸೀದಿ ಪಡೆದು ಮಾಡಿದ್ದಕ್ಕೆ ಶಾಖೆಗೇ ಹೋಗಬೇಕಾಗಬಹುದು, ಶನಿವಾರ ರಾತ್ರಿ ಅದು ಪ್ರಯೋಜನಕ್ಕೆ ಬಾರದು. ‘ಟ್ಯಾಕ್ಸ್ ಸೇವಿಂಗ್’ ಎಂಬ ಐದು ವರ್ಷದ ಎಫ್‌ಡಿಯನ್ನಂತೂ ಮುಟ್ಟಬೇಡಿ, ಅದನ್ನು ಅವಧಿಗೆ ಮುನ್ನ ಮುರಿಸಲು ಬರುವುದಿಲ್ಲ.

ನೀವು ಕೇಳದ, ಆದರೆ ಬಡ್ಡಿಗಿಂತ ಮುಖ್ಯವಾದ ವಿಷಯವೊಂದು ನಿಮ್ಮ ಪತ್ರದಲ್ಲಿದೆ: ಖಾತೆ ನಿಮ್ಮೊಬ್ಬರ ಹೆಸರಿನಲ್ಲಿದೆ. ಐಸಿಯುನಲ್ಲಿ ಮಲಗಿರುವವರು ನೀವೇ ಆದರೆ ಆ ನಾಲ್ಕು ಲಕ್ಷವನ್ನು ಯಾರು ತೆಗೆಯುತ್ತಾರೆ? ನಾಮಿನಿ ಇದ್ದಾರೆ ಎಂದು ಬಹಳಷ್ಟು ಜನ ಸಮಾಧಾನದಿಂದಿರುತ್ತಾರೆ. ನಾಮಿನಿಯ ಹಕ್ಕು ಖಾತೆದಾರ ತೀರಿಹೋದ ಮೇಲೆ ಮಾತ್ರ. ಬದುಕಿದ್ದು ಪ್ರಜ್ಞೆ ಇಲ್ಲದಿರುವಾಗ ನಾಮಿನಿಗೆ ಒಂದು ರೂಪಾಯಿಯೂ ಸಿಗದು. ಹೆಂಡತಿಯ ಕೈಯಲ್ಲಿ ನಿಮ್ಮ ಎಟಿಎಂ ಕಾರ್ಡು, ಪಿನ್ ಇದ್ದರೂ ದಿನದ ಮಿತಿ ಅಡ್ಡ ಬರುತ್ತದೆ, ಒಟಿಪಿ ಬರುವ ಫೋನು ಲಾಕ್ ಆಗಿರುತ್ತದೆ. ಮೇಲಾಗಿ ಬೇರೆಯವರ ಕಾರ್ಡು ಬಳಸುವುದಕ್ಕೆ ಬ್ಯಾಂಕಿನ ಒಪ್ಪಿಗೆಯೂ ಇಲ್ಲ.

ಈ ಹಣದ ಖಾತೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೆ, ‘ಈದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು) ಎಂದು ಮಾಡಿಸಿ. ಇಬ್ಬರಿಗೂ ಬೇರೆ ಬೇರೆ ಡೆಬಿಟ್ ಕಾರ್ಡು, ಇಬ್ಬರ ಫೋನಿನಲ್ಲೂ ಮೊಬೈಲ್ ಬ್ಯಾಂಕಿಂಗ್ ಇರಲಿ. ಇಲ್ಲಿ ಬಹಳ ಮಂದಿ ಎಡವುವ ಒಂದು ಕಲ್ಲಿದೆ. ಈದರ್ ಆರ್ ಸರ್ವೈವರ್ ಎಂದಿರುವ ಎಫ್‌ಡಿಯನ್ನು ಅವಧಿ ಮುಗಿದ ಮೇಲೆ ಒಬ್ಬರ ಸಹಿಯಿಂದ ಪಡೆಯಬಹುದು, ಆದರೆ ಅವಧಿಗೆ ಮುನ್ನ ಮುರಿಸಲು ಇಬ್ಬರ ಸಹಿಯೂ ಬೇಕೆಂಬುದು ಸಾಮಾನ್ಯ ನಿಯಮ. ಠೇವಣಿ ಇಡುವಾಗಲೇ ಅಥವಾ ನಂತರ ಇಬ್ಬರೂ ಸಹಿ ಮಾಡಿ, ‘ಅವಧಿಗೆ ಮುನ್ನ ಮುರಿಸಲು ನಮ್ಮಲ್ಲಿ ಯಾರೊಬ್ಬರಿಗಾದರೂ ಅಧಿಕಾರವಿದೆ’ ಎಂದು ಬರೆದುಕೊಟ್ಟಿದ್ದರೆ ಈ ತೊಡಕು ಇರದು. ಅರ್ಜಿಯಲ್ಲಿ ಅದಕ್ಕೆಂದೇ ಚೌಕವಿದ್ದರೆ ಗುರುತು ಹಾಕಿ. ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ಶಾಖೆಯ ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ. ಸ್ವೀಪ್ ಖಾತೆಗೂ ಇದೇ ಪ್ರಶ್ನೆ ಕೇಳಿ.

ಈಗ ಭದ್ರತೆ. ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ ಎಂಬ ಆರ್‌ಬಿಐನ ಅಂಗಸಂಸ್ಥೆಯ ವಿಮೆ ಇದೆ. 2020ರ ಫೆಬ್ರವರಿ 4ರಿಂದ ಇದರ ಮಿತಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಎಲ್ಲ ಶಾಖೆಗಳ ಎಸ್‌ಬಿ, ಎಫ್‌ಡಿ ಕೂಡಿಸಿಯೇ ಐದು ಲಕ್ಷ. ಸ್ಮಾಲ್ ಫೈನಾನ್ಸ್ ಬ್ಯಾಂಕುಗಳಿಗೂ ಇದೇ ವಿಮೆ ಇದೆ, ಅವೂ ಆರ್‌ಬಿಐ ಪರವಾನಗಿಯ ಬ್ಯಾಂಕುಗಳೇ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಉಜ್ಜೀವನ್, ಜನಾ ಇಂಥವು. ‘ಸ್ಮಾಲ್’ ಎಂದ ಮಾತ್ರಕ್ಕೆ ಚೀಟಿ ಕಂಪನಿಯಲ್ಲ. ಅವರ ಸಾಲಗಳಲ್ಲಿ ಆಧಾರವಿಲ್ಲದ ಸಣ್ಣ ಸಾಲದ ಪಾಲು ದೊಡ್ಡದು, ಹಾಗಾಗಿ ಏರಿಳಿತವೂ ಹೆಚ್ಚು. ಅದಕ್ಕೇ ಆರ್‌ಬಿಐ ಅವರಿಂದ ಶೇ. 15ರ ಬಂಡವಾಳ ಅನುಪಾತ (ನಷ್ಟ ತಾಳಲು ಬ್ಯಾಂಕಿನ ಸ್ವಂತ ಬಂಡವಾಳ) ಕೇಳುತ್ತದೆ. ಐದು ಲಕ್ಷದ ಒಳಗೆ ಇರುವವರೆಗೆ ಅಲ್ಲಿ ಹಣ ಇಡಲು ಹೆದರಬೇಕಾಗಿಲ್ಲ.

ಆದರೆ ವಿಮೆ ಎಂದರೆ ಹಣ ಹೋಗುವುದಿಲ್ಲ ಎಂದೇ ಹೊರತು ನಾಳೆಯೇ ಸಿಗುತ್ತದೆ ಎಂದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿದಾಗ ಖಾತೆದಾರರು ತೆಗೆಯಬಹುದಾಗಿದ್ದ ಮೊತ್ತ 35,000 ರೂಪಾಯಿ. ಅದೇ ವರ್ಷ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿಗೆ ಹಾಕಿದ 50,000ದ ಮಿತಿ ಎರಡು ವಾರದೊಳಗೆ ತೆರವಾಯಿತು, ಆದರೆ ಆ ಎರಡು ವಾರದಲ್ಲಿ ಆಸ್ಪತ್ರೆಯ ಬಿಲ್ ಕಟ್ಟಬೇಕಾದವರ ಪಾಡು ನೆನೆದು ನೋಡಿ. ಠೇವಣಿ ವಿಮೆ ಕಾಯ್ದೆಯ 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ಐದು ಲಕ್ಷದವರೆಗಿನ ಹಣವನ್ನು 90 ದಿನಗಳಲ್ಲಿ ಕೊಡಬೇಕೆಂಬ ನಿಯಮ ಬಂದಿದೆ. ದೊಡ್ಡ ಸುಧಾರಣೆ ಹೌದು. ಆದರೂ ತುರ್ತಿಗೆ 90 ದಿನ ದೂರವೇ. ಆದ್ದರಿಂದ ಎಷ್ಟೇ ಒಳ್ಳೆಯ ಬ್ಯಾಂಕಾದರೂ ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ಒಂದು ಲಕ್ಷವಾದರೂ ಬೇರೆ ಬ್ಯಾಂಕಿನಲ್ಲಿರಲಿ. ಸರ್ವರ್ ಕೈಕೊಟ್ಟ ದಿನ, ಕಾರ್ಡು ಬ್ಲಾಕ್ ಆದ ದಿನಕ್ಕೂ ಅದೇ ದಾರಿ.

ಭಾವನವರ ಸೌಹಾರ್ದದ ವಿಷಯ ಖಡಾಖಂಡಿತವಾಗಿ ಹೇಳಬೇಕು: ಈ ಹಣಕ್ಕೆ ಅದು ಬೇಡ. ಪತ್ತಿನ ಸಹಕಾರ ಸಂಘಗಳಿಗೆ, ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದ ಸಹಕಾರಿಗಳಿಗೆ ಡಿಐಸಿಜಿಸಿ ವಿಮೆ ಇಲ್ಲ, ಆರ್‌ಬಿಐ ಮೇಲ್ವಿಚಾರಣೆಯೂ ಇಲ್ಲ. ಅವು ರಾಜ್ಯದ ಸಹಕಾರ ಕಾನೂನಿನಡಿ ನಡೆಯುತ್ತವೆ, ಸೌಹಾರ್ದಗಳಿಗೆ 1997ರ ಕಾಯ್ದೆಯೇ ಇದೆ. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ಊರಿನ ಸಣ್ಣ ವ್ಯಾಪಾರಿಗಳಿಗೆ ಅವೇ ಆಸರೆ. ಆದರೆ ಒಂದು ಸಂಘ ಮುಗ್ಗರಿಸಿದರೆ ಠೇವಣಿದಾರನಿಗೆ ಉಳಿಯುವುದು ದೂರು ಮತ್ತು ಕಾಯುವಿಕೆ. ಇವು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಹಾಕಿಕೊಳ್ಳುವಂತಿಲ್ಲ ಎಂದು ಆರ್‌ಬಿಐ 2021ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಪಟ್ಟಣ ಸಹಕಾರಿ ಬ್ಯಾಂಕುಗಳು ಬೇರೆ. ಅವಕ್ಕೆ ಪರವಾನಗಿ, ವಿಮೆ ಎರಡೂ ಉಂಟು. ಸಂದೇಹವಿದ್ದರೆ ಡಿಐಸಿಜಿಸಿ ಜಾಲತಾಣದಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿಯಲ್ಲಿ ಹೆಸರು ಹುಡುಕಿ. ಚಂದದ ಆ್ಯಪ್ ತೋರಿಸಿ ಖಾತೆ ತೆರೆಸುವ ಕಂಪನಿಗಳ ವಿಷಯದಲ್ಲೂ ಹಾಗೆಯೇ. ಹಿಂದೆ ಯಾವ ಬ್ಯಾಂಕ್ ಇದೆ, ಪಾಸ್‌ಬುಕ್ ಯಾರ ಹೆಸರಿನಲ್ಲಿ ಬರುತ್ತದೆ ಎಂದು ನೋಡಿ.

ಮಗಳು ಹೇಳಿದ ಲಿಕ್ವಿಡ್ ಫಂಡ್ ಕೆಟ್ಟದ್ದಲ್ಲ, ಆದರೆ ಅದು ಖಾತೆಯಲ್ಲ, ಒಂದು ಬಗೆಯ ಮ್ಯೂಚುವಲ್ ಫಂಡ್. ಗರಿಷ್ಠ 91 ದಿನಗಳ ಸಾಲಪತ್ರಗಳಲ್ಲಿ ಹಣ ಹೂಡುತ್ತಾರೆ. ಆದಾಯಕ್ಕೆ ಭರವಸೆ ಇಲ್ಲ, ಠೇವಣಿ ವಿಮೆಯೂ ಇಲ್ಲ. ತಕ್ಷಣ ಹಣ ಸಿಗುವ ಸೌಲಭ್ಯ ಕೆಲವು ಫಂಡ್‌ಗಳಲ್ಲಿದೆ, ಆದರೆ ದಿನಕ್ಕೆ 50,000 ಅಥವಾ ನಿಮ್ಮ ಹೂಡಿಕೆಯ ಶೇ. 90, ಯಾವುದು ಕಡಿಮೆಯೋ ಅಷ್ಟು. ಉಳಿದದ್ದು ಮುಂದಿನ ಕೆಲಸದ ದಿನ, ನಡುವೆ ಭಾನುವಾರ, ಹಬ್ಬ ಬಂದರೆ ಇನ್ನೂ ತಡ. ಏಳು ದಿನದೊಳಗೆ ತೆಗೆದರೆ ಅತ್ಯಲ್ಪ ನಿರ್ಗಮನ ಶುಲ್ಕವಿದೆ. ನಿಮ್ಮ ನಿಧಿ ಮುಂದೆ ಎಂಟು ಹತ್ತು ಲಕ್ಷಕ್ಕೆ ಬೆಳೆದರೆ ಒಂದು ಭಾಗ ಅಲ್ಲಿಡಿ. ಈ ನಾಲ್ಕು ಲಕ್ಷಕ್ಕೆ ಅವಸರವಿಲ್ಲ.

ಅಂಚೆ ಕಚೇರಿಯ ಉಳಿತಾಯ ಖಾತೆಗೆ ಶೇ. 4 ಇದೆ, ಕೇಂದ್ರ ಸರ್ಕಾರವೇ ಹೊಣೆ. ಹಿರಿಯರು ಹೇಳುವ ‘ಹತ್ತನೇ ತಾರೀಖಿನೊಳಗೆ ಹಾಕಬೇಕು’ ಎಂಬ ಮಾತು ಬ್ಯಾಂಕುಗಳ ಮಟ್ಟಿಗೆ 2010ರ ಏಪ್ರಿಲ್‌ನಿಂದ ಹಳತಾಯಿತು, ಈಗ ಬ್ಯಾಂಕುಗಳು ದಿನದ ಬ್ಯಾಲೆನ್ಸ್ ಮೇಲೆ ಬಡ್ಡಿ ಲೆಕ್ಕ ಹಾಕುತ್ತವೆ. ಅಂಚೆ ಕಚೇರಿಯಲ್ಲಿ ಮಾತ್ರ ಅದು ಇನ್ನೂ ನಿಜ. ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಮೊತ್ತಕ್ಕೆ ಮಾತ್ರ ಬಡ್ಡಿ. 28ರಂದು ಎರಡು ಲಕ್ಷ ತೆಗೆದರೆ ಅಷ್ಟು ಮೊತ್ತಕ್ಕೆ ಆ ಇಡೀ ತಿಂಗಳ ಬಡ್ಡಿ ಹೋಯಿತು.

ಹೀಗಾಗಿ ನನ್ನ ಸಲಹೆ ಇದು. ಈಗಿನ ಬ್ಯಾಂಕಿನಲ್ಲಿ ಹೆಂಡತಿಯ ಜೊತೆ ಜಂಟಿ ಖಾತೆಯಲ್ಲಿ 50,000. ಅದೇ ಖಾತೆಗೆ ಜೋಡಿಸಿದ ಸ್ವೀಪ್ ಅಥವಾ ತುಂಡು ಎಫ್‌ಡಿಗಳಲ್ಲಿ ಎರಡೂವರೆ ಲಕ್ಷ. ಉಳಿದ ಒಂದು ಲಕ್ಷ ಎರಡನೆಯ ಬ್ಯಾಂಕಿನಲ್ಲಿ. ಆ ಎರಡನೆಯದು ಸ್ಮಾಲ್ ಫೈನಾನ್ಸ್ ಬ್ಯಾಂಕೇ ಆಗಲಿ, ಆದರೆ ಎಸ್‌ಬಿಯಲ್ಲಿ ಅಲ್ಲ, ಅಲ್ಲಿನ ಒಂದು ವರ್ಷದ ಎಫ್‌ಡಿಯಲ್ಲಿ. ಅವರ ಎಫ್‌ಡಿ ದರ ಸಾಮಾನ್ಯವಾಗಿ ದೊಡ್ಡ ಬ್ಯಾಂಕುಗಳಿಗಿಂತ ಹೆಚ್ಚು, ಮೆಟ್ಟಿಲಿನ ಆಟವೂ ಇಲ್ಲ.

ಆ ಎರಡನೆಯ ಖಾತೆಯನ್ನು ಮನೆಯಲ್ಲೇ ಕುಳಿತು ಆಧಾರ್ ಒಟಿಪಿಯಿಂದ ತೆರೆಯುವುದಾದರೆ ಒಂದು ಎಚ್ಚರ. ಬರೀ ಒಟಿಪಿಯ ಖಾತೆಯಲ್ಲಿ ಬ್ಯಾಲೆನ್ಸ್ ಒಂದು ಲಕ್ಷ ಮೀರುವಂತಿಲ್ಲ, ವರ್ಷದ ಒಟ್ಟು ಜಮೆ ಎರಡು ಲಕ್ಷ ಮೀರುವಂತಿಲ್ಲ, ಒಂದು ವರ್ಷದೊಳಗೆ ಪೂರ್ಣ ಕೆವೈಸಿ ಆಗಲೇಬೇಕು. ಶಾಖೆಗೆ ಹೋಗಿ ಅಥವಾ ವಿಡಿಯೊ ಕೆವೈಸಿ ಮುಗಿಸಿ, ನಂತರವೇ ಹಣ ಹಾಕಿ. ಎರಡು ವರ್ಷ ವಹಿವಾಟೇ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಬೇಕಾದ ದಿನವೇ ಕೆವೈಸಿ ಕೇಳುತ್ತಾರೆ. ಮೂರು ತಿಂಗಳಿಗೊಮ್ಮೆ ನೂರು ರೂಪಾಯಿ ಕಳಿಸಿ ತರಿಸಿಕೊಳ್ಳಿ.

ಹಣ ಇದ್ದೂ ಸಾಗದಿರುವುದು ಬಹುಪಾಲು ಮಿತಿಗಳಿಂದ. ಯುಪಿಐನಲ್ಲಿ ಸಾಮಾನ್ಯ ಮಿತಿ ದಿನಕ್ಕೆ ಒಂದು ಲಕ್ಷ. ಆಸ್ಪತ್ರೆಗೆ ಕಟ್ಟುವಾಗ ಐದು ಲಕ್ಷದವರೆಗೆ ಆರ್‌ಬಿಐ ಅವಕಾಶ ಕೊಟ್ಟಿದೆ, ಆದರೆ ನಿಮ್ಮ ಬ್ಯಾಂಕೂ ಅದನ್ನು ಜಾರಿಗೆ ತಂದಿರಬೇಕು. ಹೊಸ ಫೋನಿನಲ್ಲಿ ಯುಪಿಐ ನೋಂದಾಯಿಸಿದ ಮೊದಲ 24 ಗಂಟೆ ಮಿತಿ ತೀರ ಕಡಿಮೆ. ನೆಟ್‌ಬ್ಯಾಂಕಿಂಗ್‌ನಲ್ಲಿ ಹೊಸದಾಗಿ ಸೇರಿಸಿದ ಖಾತೆಗೂ ಮೊದಲ ದಿನ ದೊಡ್ಡ ಮೊತ್ತ ಹೋಗದು. ಆದ್ದರಿಂದ ನಿಮ್ಮ ಎರಡೂ ಬ್ಯಾಂಕಿನ ಖಾತೆಗಳನ್ನು ಪರಸ್ಪರ ಈಗಲೇ ಸೇರಿಸಿಡಿ, ಡೆಬಿಟ್ ಕಾರ್ಡಿನ ಅಂಗಡಿ ಪಾವತಿ ಮಿತಿಯನ್ನು ಬ್ಯಾಂಕ್ ಬಿಡುವಷ್ಟು ಏರಿಸುವುದು ಹೇಗೆಂದು ಇಬ್ಬರೂ ಕಲಿತಿರಿ. ನೆಫ್ಟ್, ಆರ್‌ಟಿಜಿಎಸ್ ಎರಡೂ ಈಗ ಹಗಲು ರಾತ್ರಿ ನಡೆಯುತ್ತವೆ.

ತೆರಿಗೆಯಿಂದ ಈ ಲೆಕ್ಕ ತಲೆಕೆಳಗಾಗದು. ಎಸ್‌ಬಿ, ಎಫ್‌ಡಿ ಎರಡರ ಬಡ್ಡಿಯೂ ನಿಮ್ಮ ಆದಾಯಕ್ಕೆ ಸೇರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಎಸ್‌ಬಿ ಬಡ್ಡಿಯಲ್ಲಿ 10,000ದವರೆಗೆ ವಿನಾಯಿತಿ ಇದೆ, ಎಫ್‌ಡಿಗೆ ಇಲ್ಲ. ಶೇ. 20ರ ಹಂತದಲ್ಲಿ, ಸೆಸ್ ಬಿಟ್ಟು, ಮೇಲಿನ 18,000ದಲ್ಲಿ ಕೈಗುಳಿಯುವುದು 16,400. ಸ್ವೀಪ್‌ನ 22,250ರಲ್ಲಿ 18,050. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲದ್ದರಿಂದ ಅಂತರ ಇನ್ನೂ ಹೆಚ್ಚು. ಒಂದು ಬ್ಯಾಂಕಿನ ಎಫ್‌ಡಿ ಬಡ್ಡಿ ವರ್ಷಕ್ಕೆ 50,000 ದಾಟಿದರೆ ಮಾತ್ರ ಟಿಡಿಎಸ್, ಅಂದರೆ ಬ್ಯಾಂಕೇ ತೆರಿಗೆ ಮುರಿದುಕೊಳ್ಳುವುದು. ನಿಮ್ಮದು ಅಲ್ಲಿಗೆ ಹೋಗುವುದಿಲ್ಲ, ಆದರೂ ರಿಟರ್ನ್‌ನಲ್ಲಿ ತೋರಿಸಬೇಕು.

ಕೊನೆಗೆ ತಾಯಿಯವರ ಹೆಸರು. ಎಸ್‌ಬಿ ಖಾತೆಗೆ ಹಿರಿಯ ನಾಗರಿಕರೆಂದು ಸಾಮಾನ್ಯವಾಗಿ ಹೆಚ್ಚು ಬಡ್ಡಿ ಇಲ್ಲ. ಎಫ್‌ಡಿಗೆ ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆ. ನೀವು ತಾಯಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಅದರ ಬಡ್ಡಿ ಅವರ ಆದಾಯ. ಎರಡು ಲಕ್ಷಕ್ಕೆ ವರ್ಷಕ್ಕೆ ಒಂದು ಸಾವಿರ ಹೆಚ್ಚು ಬಂದೀತು. ಆದರೆ ಕೊಟ್ಟ ಮೇಲೆ ಅದು ಕಾನೂನಿನ ಪ್ರಕಾರ ಅವರದೇ ಹಣ. ಮುರಿಸಲು ಅವರ ಸಹಿ ಅಥವಾ ಅವರ ಫೋನಿನ ಒಟಿಪಿ ಬೇಕು, ಮತ್ತು ಆಸ್ಪತ್ರೆ ಸೇರುವ ಸಾಧ್ಯತೆ ಹೆಚ್ಚಿರುವವರು ಅವರೇ. ಅವರ ಸ್ವಂತ ಉಳಿತಾಯವಿದ್ದರೆ ಅದನ್ನು ಅವರ ಹೆಸರು ಮೊದಲಿಟ್ಟು, ನಿಮ್ಮನ್ನು ಎರಡನೆಯ ಖಾತೆದಾರರನ್ನಾಗಿ ಸೇರಿಸಿ, ಅವಧಿಗೆ ಮುನ್ನ ಮುರಿಸುವ ಅಧಿಕಾರಪತ್ರ ಸಮೇತ ಎಫ್‌ಡಿ ಮಾಡಿಸಿ. ಈ ನಾಲ್ಕು ಲಕ್ಷ ಮಾತ್ರ ನಿಮ್ಮಿಬ್ಬರ ಹೆಸರಿನಲ್ಲೇ ಇರಲಿ.